ಕಂಪನಿಯ ಹೆಲ್ತ್ ಚೆಕಪ್, ಎಚ್‌ಐವಿ ಮತ್ತು ಕೆಲಸ ಹೋಗುವ ಭಯ

ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದವು. ಗ್ರಾಚ್ಯುಟಿ, ಪಗಾರದ ಲೆಕ್ಕ, ನೇಮಕಾತಿ ಪತ್ರ ಅಂತ ಸುದ್ದಿ ಬಂದದ್ದೇ ಬಂದದ್ದು. ಅದರ ನಡುವೆ ಒಂದು ಸಣ್ಣ ಸಾಲೂ ಇತ್ತು: 40 ವರ್ಷ ದಾಟಿದ ಕೆಲಸಗಾರರಿಗೆ ಮಾಲೀಕರ ಖರ್ಚಿನಲ್ಲಿ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ.

ಬಹಳ ಜನರಿಗೆ ಇದು ಒಳ್ಳೆಯ ಸುದ್ದಿ. ಶುಗರ್, ಬಿಪಿ ಪುಕ್ಕಟೆ ನೋಡಿದರೆ ಯಾರು ಬೇಡ ಅಂತಾರೆ? ಆದರೆ ಎಚ್‌ಐವಿ ಇದ್ದು, ದಿನಕ್ಕೊಂದು ಗುಳಿಗೆ ನುಂಗಿ, ಹುಬ್ಬಳ್ಳಿ ಗೋಕುಲ ರೋಡಿನ ಶೆಡ್‌ಗೋ ಧಾರವಾಡದ ಬೇಲೂರು ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಗೋ ಎಲ್ಲರ ಹಾಗೇ ಶಿಫ್ಟಿಗೆ ಹೋಗುವವರಿಗೆ ಅದೇ ಸಾಲು ಬೇರೆ ತರಹ ಕೇಳಿಸುತ್ತದೆ. ರಕ್ತ ತೆಗೆಯುತ್ತಾರಾ? ಅದರಲ್ಲಿ ಗೊತ್ತಾಗುತ್ತದಾ? ರಿಪೋರ್ಟ್ ಮೊದಲು ಯಾರ ಕೈಗೆ ಹೋಗುತ್ತದೆ? ಮರುದಿನ ಕೆಲಸ ಇರುತ್ತದಾ?

ಪ್ರಶ್ನೆಗಳು ನಾಲ್ಕು. ಮೊದಲ ಎರಡಕ್ಕೆ ಉತ್ತರ ಸುಲಭ. ಉಳಿದೆರಡು ಅಷ್ಟು ಸುಲಭ ಅಲ್ಲ.

ರಕ್ತ ಕೊಟ್ಟ ಮಾತ್ರಕ್ಕೆ ಗೊತ್ತಾಗುವುದಿಲ್ಲ

ಶುಗರ್, ಹಿಮೋಗ್ಲೋಬಿನ್, ಕೊಲೆಸ್ಟ್ರಾಲ್ ನೋಡಿದರೆ ಎಚ್‌ಐವಿ ಇದೆಯೋ ಇಲ್ಲವೋ ಅಂತ ತಿಳಿಯುವುದಿಲ್ಲ. ಅದಕ್ಕೆ ಬೇರೆಯೇ ಪರೀಕ್ಷೆ ಮಾಡಬೇಕು. ಆ ಪರೀಕ್ಷೆಯನ್ನು ವ್ಯಕ್ತಿಯ ಒಪ್ಪಿಗೆ ಇಲ್ಲದೆ ಮಾಡುವ ಹಾಗಿಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ (ತಡೆಗಟ್ಟುವಿಕೆ ಮತ್ತು ನಿಯಂತ್ರಣ) ಕಾಯ್ದೆ ಇದನ್ನು ಬಿಡಿಸಿ ಹೇಳುತ್ತದೆ. ಒಪ್ಪಿಗೆ ಅಂದರೆ ಫಾರ್ಮ್ ಮುಂದೆ ಹಿಡಿದು "ಇಲ್ಲೊಂದು ಸಹಿ ಹಾಕು" ಅನ್ನುವುದಲ್ಲ. ಯಾವ ಪರೀಕ್ಷೆ, ಯಾಕೆ ಅಂತ ಆ ವ್ಯಕ್ತಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು. ಪರೀಕ್ಷೆಗೆ ಮೊದಲೂ ಆಮೇಲೂ ಸಮಾಲೋಚನೆ ನಡೆಸಬೇಕು. ಕೆಲಸ ಕೊಡಲು ಎಚ್‌ಐವಿ ಪರೀಕ್ಷೆಯ ಷರತ್ತು ಹಾಕುವುದನ್ನೂ ಅದೇ ಕಾಯ್ದೆ ನಿಷೇಧಿಸಿದೆ.

ಹೊಸ ಸಂಹಿತೆ ಬಂದ ಮಾತ್ರಕ್ಕೆ ಇದು ಯಾವುದೂ ರದ್ದಾಗಿಲ್ಲ. ವರ್ಷದ ತಪಾಸಣೆ ಕೊಡುವುದು ಮಾಲೀಕರ ಕರ್ತವ್ಯ, ನಿಜ. ಆದರೆ ಆ ನೆಪದಲ್ಲಿ ಎಚ್‌ಐವಿ ಪರೀಕ್ಷೆ ಮಾಡಿಸುವ ಹಕ್ಕು ಅವರಿಗೆ ಬಂದಿಲ್ಲ. ಈ ಎರಡು ಬೇರೆ ಬೇರೆ ಸಂಗತಿಗಳು ಸುದ್ದಿಯಲ್ಲಿ ಒಂದಾಗಿ ಕಲಸಿಹೋಗಿವೆ.

ಹಾಗಾದರೆ ಭಯ ಸುಮ್ನೆ ಹುಟ್ಟಿದ್ದಾ? ಅಲ್ಲ. ಕಂಪನಿಯವರು ಲ್ಯಾಬಿನಿಂದ ಎಚ್‌ಐವಿ ಪರೀಕ್ಷೆಯೂ ಸೇರಿರುವ ಒಂದು ಪ್ಯಾಕೇಜ್ ಕೊಳ್ಳುತ್ತಾರೆ ಅಂತ ಹಿಡಿಯೋಣ. ಪ್ಯಾಕೇಜಿನಲ್ಲಿ ಏನೇನಿದೆ ಅಂತ ಕೆಲಸಗಾರ ಇರಲಿ, ಎಚ್‌ಆರ್‌ನವರೂ ಪೂರ್ತಿ ಓದಿರುವುದಿಲ್ಲ. ಇಂಗ್ಲಿಷಿನ ಸಣ್ಣ ಅಕ್ಷರದ ಫಾರ್ಮಿಗೆ ಸಾಲಾಗಿ ನಿಂತವರೆಲ್ಲ ಸಹಿ ಹಾಕುತ್ತಾರೆ. ಆಮೇಲೆ ಲ್ಯಾಬಿನವರು ಐವತ್ತು ಜನರ ರಿಪೋರ್ಟನ್ನು ಒಂದೇ ಮೇಲ್‌ನಲ್ಲಿ ಆಫೀಸಿಗೆ ಕಳಿಸಿಬಿಡುತ್ತಾರೆ. ಇದರಲ್ಲಿ ಯಾರಿಗೂ ಕೆಟ್ಟ ಉದ್ದೇಶ ಇಲ್ಲ. ಆದರೂ ಗುಟ್ಟು ಹೊರಬಿತ್ತು. ಕಾನೂನಿನ ಪ್ರಕಾರ ಇಲ್ಲಿ ಎರಡು ತಪ್ಪು ನಡೆದಿವೆ. ಸರಿಯಾದ ಒಪ್ಪಿಗೆ ಇಲ್ಲದ ಪರೀಕ್ಷೆ ಒಂದು, ಮಾಹಿತಿ ಕಾಪಾಡದೇ ಇದ್ದದ್ದು ಇನ್ನೊಂದು. ಆದರೆ ಹೊರಬಿದ್ದ ಮಾತನ್ನು ಯಾವ ಕಾನೂನು ವಾಪಸ್ ತರುತ್ತದೆ ಹೇಳಿ?

ಕಾಯ್ದೆ ಎಲ್ಲಿಯ ತನಕ ಕಾಯುತ್ತದೆ

ಎಚ್‌ಐವಿ ಕಾಯ್ದೆ 2017ರಲ್ಲಿ ಪಾಸಾದರೂ ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್ 10ಕ್ಕೆ. ಅದರ ಮೂರನೇ ಸೆಕ್ಷನ್ನಿನಲ್ಲಿ ಕೆಲಸದ ವಿಷಯವೇ ಮೊದಲು ಬರುತ್ತದೆ. ಎಚ್‌ಐವಿ ಇದೆ ಅಂತ ಕೆಲಸ ನಿರಾಕರಿಸಬಾರದು, ಕೆಲಸದಿಂದ ತೆಗೆಯಬಾರದು, ಕೆಲಸದಲ್ಲಿ ಭೇದ ಮಾಡಬಾರದು. ಸರ್ಕಾರಿ, ಖಾಸಗಿ ಅನ್ನುವ ವ್ಯತ್ಯಾಸ ಇಲ್ಲ. ಎಚ್‌ಐವಿ ಇದ್ದವರ ಜೊತೆ ಒಂದೇ ಮನೆಯಲ್ಲಿ ಇರುವವರಿಗೂ ಇದೇ ರಕ್ಷಣೆ ಇದೆ. ಅಂದರೆ ಗಂಡನಿಗೆ ಇದೆ ಅಂತ ಹೆಂಡತಿಯನ್ನು ಅಡುಗೆ ಕೆಲಸದಿಂದ ಬಿಡಿಸುವುದೂ ತಪ್ಪು.

ಕೆಲಸದಿಂದ ತೆಗೆಯಲು ಒಂದು ಕಿಂಡಿ ಮಾತ್ರ ಬಿಟ್ಟಿದ್ದಾರೆ. ಆ ಕಿಂಡಿಯಲ್ಲಿ ನುಸುಳಲು ಎರಡು ಕಾಗದ ಬೇಕು. ಈ ವ್ಯಕ್ತಿಯಿಂದ ಕೆಲಸದ ಜಾಗದಲ್ಲಿ ಬೇರೆಯವರಿಗೆ ಸೋಂಕು ಹರಡುವ ದೊಡ್ಡ ಅಪಾಯ ಇದೆ, ಅಥವಾ ಆ ಕೆಲಸ ಮಾಡುವ ಶಕ್ತಿ ಇವರಿಗಿಲ್ಲ ಅಂತ ಸ್ವತಂತ್ರ, ಅರ್ಹ ವೈದ್ಯರು ಬರೆದುಕೊಡಬೇಕು. ಅದರ ಜೊತೆ, ಕೆಲಸದಲ್ಲಿ ಸಣ್ಣಪುಟ್ಟ ಹೊಂದಾಣಿಕೆ ಮಾಡಿಕೊಡಲು ತನಗೆ ಯಾವ ಆಡಳಿತದ ಅಥವಾ ಹಣದ ತೊಂದರೆ ಇದೆ, ಎಷ್ಟಿದೆ ಅಂತ ಮಾಲೀಕರೂ ಬರೆದುಕೊಡಬೇಕು. ಎರಡರ ಪ್ರತಿಯೂ ಕೆಲಸಗಾರನ ಕೈಗೆ ಬರಬೇಕು.

ಮೊದಲ ಕಾಗದ ಹುಟ್ಟುವುದೇ ಕಷ್ಟ. ಚಾ ಗ್ಲಾಸ್, ಊಟದ ತಟ್ಟೆ, ಸ್ಪ್ಯಾನರ್, ಶೌಚಾಲಯ, ಬೆವರು, ಸೊಳ್ಳೆ, ಕೈಕುಲುಕುವುದು ಇವುಗಳಿಂದ ಎಚ್‌ಐವಿ ಹರಡುವುದಿಲ್ಲ. ಅಡುಗೆಯವರು ಮಾಡಿದ ಊಟದಿಂದಲೂ ಇಲ್ಲ. ಚಿಕಿತ್ಸೆಯಲ್ಲಿದ್ದು ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದವರಿಂದ ಲೈಂಗಿಕ ಸಂಪರ್ಕದಲ್ಲೂ ಹರಡುವುದಿಲ್ಲ. ಅಂಥದ್ದರಲ್ಲಿ ಲೇತ್ ಮಷೀನ್ ಮುಂದೆ ನಿಂತವರಿಂದ ಪಕ್ಕದವರಿಗೆ ಏನು ಅಪಾಯ? ಅಪಾಯದ ಮಾತು ನಿಜವಾಗಿ ಬರುವುದು ಆಸ್ಪತ್ರೆಯ ಸೂಜಿ, ಬ್ಲೇಡುಗಳ ನಡುವೆ. ಅಲ್ಲೂ ಸೋಂಕಿತ ರಕ್ತದ ಸೂಜಿ ಚುಚ್ಚಿದರೆ ಹರಡುವ ಸಾಧ್ಯತೆ ಸಾವಿರಕ್ಕೆ ಸುಮಾರು ಮೂರು. 72 ಗಂಟೆಯೊಳಗೆ ಶುರು ಮಾಡಿ 28 ದಿನ ಗುಳಿಗೆ ತೆಗೆದುಕೊಂಡರೆ ಆ ಸಾಧ್ಯತೆಯೂ ಬಹಳ ಕಡಿಮೆಯಾಗುತ್ತದೆ.

ಕೋರ್ಟುಗಳೂ ಇದೇ ದಾರಿ ಹಿಡಿದಿವೆ. ಈ ಕಾಯ್ದೆ ಬರುವ ಇಪ್ಪತ್ತು ವರ್ಷ ಮೊದಲೇ, 1997ರಲ್ಲಿ, ಸಾರ್ವಜನಿಕ ಸಂಸ್ಥೆಯೊಂದರ ದಿನಗೂಲಿ ಕೆಲಸಗಾರನ ಪ್ರಕರಣ ಬಾಂಬೆ ಹೈಕೋರ್ಟಿಗೆ ಬಂದಿತ್ತು. ಕೆಲಸ ಮಾಡುವ ಶಕ್ತಿ ಇದ್ದು ಬೇರೆಯವರಿಗೆ ಅಪಾಯ ಇಲ್ಲದಿದ್ದರೆ ಎಚ್‌ಐವಿ ಕಾರಣಕ್ಕೆ ಕೆಲಸ ನಿರಾಕರಿಸುವ ಹಾಗಿಲ್ಲ ಎಂದಿತು ಕೋರ್ಟು. 2023ರ ಜುಲೈನಲ್ಲಿ ಅಲಹಾಬಾದ್ ಹೈಕೋರ್ಟಿನ ಲಖನೌ ಪೀಠ ಸಿಆರ್‌ಪಿಎಫ್ ಕಾನ್‌ಸ್ಟೇಬಲ್ ಒಬ್ಬರ ಬಡ್ತಿ ವಿಷಯದಲ್ಲಿ ಎಚ್‌ಐವಿ ಅಡ್ಡಿಯಾಗಬಾರದು ಅಂತ ತೀರ್ಪು ಕೊಟ್ಟಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, ರಕ್ತ ಹಾಕಿಸಿಕೊಂಡಾಗ ಸೋಂಕು ತಗುಲಿದ ವಾಯುಪಡೆಯ ಮಾಜಿ ಉದ್ಯೋಗಿಗೆ ಸುಪ್ರೀಂ ಕೋರ್ಟ್ ಸುಮಾರು 1.54 ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ಎಚ್‌ಐವಿ ಇದ್ದವರ ಪ್ರಕರಣಗಳನ್ನು ಬೇಗ ವಿಚಾರಣೆ ಮಾಡಿ ಅಂತ ಕೆಳಗಿನ ಕೋರ್ಟುಗಳಿಗೂ ಹೇಳಿತು.

ಕಾಗದದ ಮೇಲೆ ಎಲ್ಲಾ ಗಟ್ಟಿಯಾಗೇ ಇದೆ. ಆದರೆ ಗಮನಿಸಿ, ಮೇಲಿನ ಮೂರೂ ಕಡೆ ಎದುರು ಪಕ್ಷ ಸರ್ಕಾರ ಅಥವಾ ಸಾರ್ವಜನಿಕ ಸಂಸ್ಥೆ. ಅಲ್ಲಿ ಆದೇಶ ಇರುತ್ತದೆ, ಫೈಲ್ ಇರುತ್ತದೆ, ಸಹಿ ಇರುತ್ತದೆ. ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸಿಗೆ ಯಾವ ಫೈಲ್ ಇದೆ?

ಕೆಲಸ ನಿಜವಾಗಿ ಹೋಗುವುದು ಸೂಟಿಯಲ್ಲಿ

ಕಾಯ್ದೆ ಬರೆದವರ ಕಣ್ಣ ಮುಂದೆ ಇದ್ದದ್ದು ಕೆಲಸದಿಂದ ತೆಗೆಯುವ ಪತ್ರ. ನಮ್ಮ ಕಡೆಯ ಬಹುಪಾಲು ದುಡಿಮೆಯಲ್ಲಿ ಸೇರಿಸಿಕೊಳ್ಳುವಾಗಲೂ ಪತ್ರ ಇಲ್ಲ, ತೆಗೆಯುವಾಗಲೂ ಇಲ್ಲ. ಅಮರಗೋಳ ಎಪಿಎಂಸಿಯ ಹಮಾಲರದ್ದು ಚೀಲದ ಲೆಕ್ಕ. ತೊಟ್ಟು ಬಿಡಿಸುವವರದ್ದು ತೂಕದ ಲೆಕ್ಕ. ಬೆಟಗೇರಿಯ ನೇಕಾರರದ್ದು ಸೀರೆಯ ಲೆಕ್ಕ. ರಾಣೆಬೆನ್ನೂರು ಕಡೆ ಬೀಜೋತ್ಪಾದನೆಯ ಹೊಲದಲ್ಲಿ ಹೂವಿನ ಕೆಲಸ ಮಾಡುವವರದ್ದು ದಿನದ ಕೂಲಿ. ಇಲ್ಲಿ ಯಾರೂ "ನಿನಗೆ ಎಚ್‌ಐವಿ ಇದೆ, ಹೋಗು" ಅನ್ನುವುದಿಲ್ಲ. "ಈ ವಾರ ಕೆಲಸ ಕಡಿಮಿ ಐತಿ, ಬೇಕಾದ್ರ ಹೇಳಿ ಕಳಸ್ತೀವಿ" ಅನ್ನುತ್ತಾರೆ. ಅಷ್ಟೇ. ಆಮೇಲೆ ಹೇಳಿ ಕಳಿಸುವುದೂ ಇಲ್ಲ.

ಅದಕ್ಕೂ ಮುಂಚೆ ಬಹಳ ಸಲ ಒಂದು ಕಾರಣ ಇರುತ್ತದೆ: ಸೂಟಿ. ಎಚ್‌ಐವಿ ಹತೋಟಿಯಲ್ಲಿಡುವ ಎಆರ್‌ಟಿ ಗುಳಿಗೆ ಸರ್ಕಾರಿ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ. 2004ರಿಂದ ದೇಶದಲ್ಲಿ ಈ ವ್ಯವಸ್ಥೆ ಇದೆ. ಸೋಂಕು ಗೊತ್ತಾದ ಕೂಡಲೇ ಎಲ್ಲರಿಗೂ ಚಿಕಿತ್ಸೆ ಶುರು ಮಾಡುವ ಪದ್ಧತಿ ಬಂದದ್ದು 2017ರಲ್ಲಿ. ಈಗ ಹೆಚ್ಚಿನವರಿಗೆ ದಿನಕ್ಕೆ ಒಂದೇ ಗುಳಿಗೆ. ಔಷಧಿಗೆ ದುಡ್ಡು ಕೊಡಬೇಕಾಗಿಲ್ಲ, ಆದರೆ ಅದನ್ನು ತರುವ ದಿನಕ್ಕೆ ದುಡ್ಡು ಹೋಗುತ್ತದೆ. ಕೇಂದ್ರ ತೆರೆಯುವುದು ಕೆಲಸದ ವೇಳೆಯಲ್ಲಿ. ಸಾಲು ಇರುತ್ತದೆ, ತೂಕ ನೋಡುತ್ತಾರೆ, ಸಮಾಲೋಚಕರು ಮಾತಾಡುತ್ತಾರೆ, ಕೆಲವೊಮ್ಮೆ ರಕ್ತ ಕೊಡಬೇಕು. ಒಂದು ದಿನದ ಪಗಾರ ಹೋಯಿತು, ಮೇಲೆ ಬಸ್ ಚಾರ್ಜು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸರ್ಕಾರಿ ಬಸ್ಸಿನ ಖರ್ಚು ಉಳಿದಿದೆ. ಆ ಯೋಜನೆಯ ಲಾಭದ ಲೆಕ್ಕ ಹಾಕುವಾಗ ಇದನ್ನು ಯಾರೂ ಹಿಡಿಯುವುದಿಲ್ಲ ಅನ್ನುವುದು ಬೇರೆ ಮಾತು.

ಇನ್ನೊಂದು ತೊಡಕಿದೆ. ತಮ್ಮೂರಿನ ದವಾಖಾನೆಯ ಸಾಲಿನಲ್ಲಿ ನಿಂತರೆ ಗುರುತಿನವರು ನೋಡುತ್ತಾರೆ ಅಂತ ದೂರದ ಕೇಂದ್ರಕ್ಕೆ ಹೋಗುವವರಿದ್ದಾರೆ. ಗದಗಿನವರು ಸುಮಾರು 60 ಕಿಲೋಮೀಟರ್ ದಾಟಿ ಹುಬ್ಬಳ್ಳಿಯ ಕಿಮ್ಸ್‌ಗೆ ಬಂದರೆ ಯಾರೂ "ಯಾಕ ಬಂದೀರಿ" ಅಂತ ಕೇಳುವುದಿಲ್ಲ. ಅಷ್ಟು ದೊಡ್ಡ ದವಾಖಾನೆಗೆ ನೂರು ಕಾರಣಕ್ಕೆ ಜನ ಬರುತ್ತಾರೆ. ಗುಟ್ಟು ಉಳಿಯಿತು, ಆದರೆ ಅರ್ಧ ದಿನದ ಕೆಲಸ ಪೂರ್ತಿ ದಿನದ ಕೆಲಸವಾಯಿತು.

ಈಗ ಇದನ್ನು ಮಾಲೀಕರ ಕಡೆಯಿಂದ ನೋಡಿ. ಒಬ್ಬ ಕೆಲಸಗಾರ ಆಗಾಗ ಒಂದು ದಿನ ಸೂಟಿ ಹಾಕುತ್ತಾನೆ, ಕಾರಣ ಕೇಳಿದರೆ ಒಮ್ಮೆ ಅತ್ತೆಗೆ ಆರಾಮಿಲ್ಲ ಅಂತಾನೆ, ಇನ್ನೊಮ್ಮೆ ಬ್ಯಾಂಕಿನ ಕೆಲಸ ಅಂತಾನೆ, ಮತ್ತೊಮ್ಮೆ ಕಾರಣವನ್ನೇ ಹೇಳುವುದಿಲ್ಲ. ಅವನನ್ನು ನಂಬಲಾಗದವ ಅಂತ ಪಟ್ಟಿ ಮಾಡುತ್ತಾರೆ. ಕೆಲಸ ಕಡಿಮೆಯಾದಾಗ ಮೊದಲು ಬಿಡುವುದು ಅವನನ್ನೇ. ಮಾಲೀಕರಿಗೆ ಎಚ್‌ಐವಿ ವಿಷಯ ಗೊತ್ತೇ ಇಲ್ಲ. ಹಾಗಾಗಿ ಕಾನೂನಿನ ಕಣ್ಣಿನಲ್ಲಿ ಭೇದಭಾವ ನಡೆದೇ ಇಲ್ಲ! ಆದರೂ ಕೆಲಸ ಹೋದದ್ದು ಎಚ್‌ಐವಿಯಿಂದಲೇ.

ಈ ಗಂಟು ಬಿಚ್ಚುವ ಒಂದು ದಾರಿ ಆರೋಗ್ಯ ಇಲಾಖೆಯ ಕೈಯಲ್ಲಿದೆ. ಆರೋಗ್ಯ ಸ್ಥಿರವಾಗಿರುವವರಿಗೆ ಒಂದಕ್ಕಿಂತ ಹೆಚ್ಚು ತಿಂಗಳ ಗುಳಿಗೆ ಒಟ್ಟಿಗೆ ಕೊಡುವ ಪದ್ಧತಿ ಈಗಾಗಲೇ ಇದೆ. ಮೂರು ತಿಂಗಳದ್ದು ಒಮ್ಮೆಲೇ ಸಿಕ್ಕರೆ ವರ್ಷಕ್ಕೆ ಹನ್ನೆರಡು ಸೂಟಿ ಇದ್ದದ್ದು ನಾಲ್ಕಕ್ಕೆ ಇಳಿಯುತ್ತದೆ. ವರ್ಷಕ್ಕೆ ನಾಲ್ಕು ಸೂಟಿ ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ಪ್ರಕಾರ ಕೆಲಸ ಉಳಿಸುವ ವಿಷಯದಲ್ಲಿ ಹತ್ತು ಜಾಗೃತಿ ಜಾಥಾಗಿಂತ ಇದೊಂದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹೇಳಬೇಕೋ, ಬೇಡವೋ

"ಮಾಲೀಕರಿಗೆ ಹೇಳಿಬಿಟ್ಟರೆ ಆಯ್ತಲ್ವಾ, ರಜೆ ಕೇಳಲು ದಾರಿ ಆಗುತ್ತದೆ" ಅನ್ನುವವರಿದ್ದಾರೆ. ಕಾನೂನೂ ಒಂದು ರೀತಿ ಹಾಗೇ ಅನ್ನುತ್ತದೆ. ಕೆಲಸದಲ್ಲಿ ಸಣ್ಣ ಹೊಂದಾಣಿಕೆ ಕೇಳುವ ಹಕ್ಕು ಇದೆ: ದವಾಖಾನೆಗೆ ಹೋಗುವ ದಿನ ಶಿಫ್ಟ್ ಬದಲಾವಣೆ, ಸುಸ್ತಿದ್ದಾಗ ಭಾರ ಎತ್ತದ ಕೆಲಸ, ಇಂಥವು. ಆದರೆ ಕೇಳಬೇಕಾದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಗುಟ್ಟು ಹೋಯಿತು. ಕಾಯ್ದೆಯಲ್ಲಿರುವ ದೊಡ್ಡ ಸಿಕ್ಕು ಇದೇ. ಸ್ಥಿತಿ ಹೇಳುವಂತೆ ಯಾರನ್ನೂ ಒತ್ತಾಯಿಸಬಾರದು ಅಂತ ಅದೇ ಹೇಳುತ್ತದೆ. ಆದರೆ ಹೇಳದವರಿಗೆ ಅದರ ಅರ್ಧ ಉಪಯೋಗ ಸಿಗುವುದಿಲ್ಲ.

ಸಂಘಟನೆಗಳಲ್ಲಿ ಕೆಲಸ ಮಾಡುವವರಲ್ಲೂ ಈ ಬಗ್ಗೆ ಎರಡು ಮಾತಿದೆ. ಬಾಯಿಬಿಟ್ಟು ಹೇಳದೆ ಕಳಂಕ ಹೋಗುವುದಿಲ್ಲ ಅಂತ ಕೆಲವರು. ಹೇಳಿದವರ ಹೊಟ್ಟೆಪಾಡು ಯಾರು ನೋಡುತ್ತಾರೆ, ಮೊದಲು ಕೆಲಸ ಉಳಿಯಲಿ ಅಂತ ಇನ್ನು ಕೆಲವರು. ಎರಡನೆಯವರ ಮಾತಿನಲ್ಲಿ ತೂಕ ಜಾಸ್ತಿ ಅನಿಸುತ್ತದೆ, ಅದರಲ್ಲೂ ಚಿಕ್ಕ ಊರುಗಳಲ್ಲಿ. ಸವಣೂರಿನಲ್ಲೋ ಮುಂಡರಗಿಯಲ್ಲೋ ಒಬ್ಬ ಮಾಲೀಕರಿಗೆ ಹೇಳಿದ್ದು ಸಂಜೆಯೊಳಗೆ ಚಾದಂಗಡಿ ದಾಟಿ ಮಕ್ಕಳ ಶಾಲೆ ಮುಟ್ಟಬಹುದು. ಹೇಳುವುದಾದರೆ ನಡುವಿನ ದಾರಿಯೊಂದಿದೆ. "ನನಗೆ ದೀರ್ಘಕಾಲದ ಕಾಯಿಲೆಗೆ ಚಿಕಿತ್ಸೆ ನಡೆದಿದೆ, ಮೂರು ತಿಂಗಳಿಗೊಮ್ಮೆ ದವಾಖಾನೆಗೆ ಹೋಗಬೇಕು" ಅಂದರೆ ಸಾಕು. ಕಾಯಿಲೆಯ ಹೆಸರು ಹೇಳಬೇಕಾಗಿಲ್ಲ. ಶುಗರ್ ಇದ್ದವರು, ಕಿಡ್ನಿ ತೊಂದರೆ ಇದ್ದವರು ಹೀಗೇ ಹೇಳಿ ರಜೆ ಪಡೆಯುತ್ತಾರೆ.

ಮಾಲೀಕರ ವಾದ

ಅವರನ್ನು ಸುಮ್ನೆ ಕೆಟ್ಟವರನ್ನಾಗಿ ಮಾಡುವುದು ಸುಲಭ. ಆದರೆ ಖಾನಾವಳಿ ನಡೆಸುವವರ ಹೆದರಿಕೆ ರೋಗದ ಬಗ್ಗೆ ಇರುವುದಿಲ್ಲ, ಗಿರಾಕಿ ಬಗ್ಗೆ ಇರುತ್ತದೆ. ರೊಟ್ಟಿ ಬಡಿಯುವವರಿಗೆ ಎಚ್‌ಐವಿ ಇದೆ ಅಂತ ಸುದ್ದಿ ಹಬ್ಬಿದರೆ ಊಟದಿಂದ ಹರಡುವುದಿಲ್ಲ ಅಂತ ಬೋರ್ಡ್ ಹಾಕಿ ವ್ಯಾಪಾರ ಮಾಡಲು ಆಗುತ್ತದಾ? ಆರು ಜನರ ವರ್ಕ್‌ಶಾಪಿನಲ್ಲಿ ಒಬ್ಬರು ಇಲ್ಲದಿದ್ದರೆ ಒಂದು ಮಷೀನ್ ನಿಲ್ಲುತ್ತದೆ. ಉಳಿದ ಐವರು "ಅವ್ರ ಜೋಡಿ ಕೆಲಸ ಮಾಡೂದಿಲ್ಲ" ಅಂದರೆ ಏನು ಮಾಡುವುದು?

ಕಷ್ಟ ನಿಜ. ಆದರೆ ಈ ಯಾವ ಕಷ್ಟವೂ ಕೆಲಸದಿಂದ ತೆಗೆಯಲು ಕಾನೂನಿನಲ್ಲಿ ಕಾರಣ ಆಗುವುದಿಲ್ಲ. ಗಿರಾಕಿಯ ತಪ್ಪು ತಿಳಿವಳಿಕೆಗೆ ಕೆಲಸಗಾರ ದಂಡ ಕಟ್ಟಬೇಕಾಗಿಲ್ಲ. ಇದಕ್ಕಿಂತ ಮುಖ್ಯವಾದದ್ದು, ಈ ಕಷ್ಟಗಳೆಲ್ಲ ಶುರುವಾಗುವುದು ಗುಟ್ಟು ಹೊರಬಿದ್ದ ಮೇಲೆ. ಹಾಗಾಗಿ ಮಾಹಿತಿ ತನ್ನ ಕೈಗೆ ಬರದ ಹಾಗೆ ನೋಡಿಕೊಳ್ಳುವುದು ಮಾಲೀಕರಿಗೂ ಲಾಭವೇ. ರಿಪೋರ್ಟ್ ನೇರವಾಗಿ ಕೆಲಸಗಾರನಿಗೆ ಕೊಟ್ಟು, ಕಂಪನಿಗೆ ಈ ಕೆಲಸಕ್ಕೆ ಫಿಟ್ ಇದ್ದಾರೋ ಇಲ್ಲವೋ ಅನ್ನುವ ಒಂದೇ ಸಾಲು ಕಳಿಸಿ ಅಂತ ಲ್ಯಾಬಿಗೆ ಹೇಳಿದರೆ ಅರ್ಧ ತಲೆನೋವು ತಪ್ಪುತ್ತದೆ.

ದೂರು ಕೊಟ್ಟರೆ

ನೂರು ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಸಂಸ್ಥೆಯಲ್ಲಿ ಎಚ್‌ಐವಿ ದೂರು ಅಧಿಕಾರಿ ಇರಬೇಕು. ಆಸ್ಪತ್ರೆ, ನರ್ಸಿಂಗ್ ಹೋಮ್‌ಗಳಾದರೆ ಇಪ್ಪತ್ತು ಜನಕ್ಕೇ ಬೇಕು. ಅದರ ಮೇಲೆ ರಾಜ್ಯ ಸರ್ಕಾರ ನೇಮಿಸುವ ಓಂಬುಡ್ಸ್‌ಮನ್, ಅಂದರೆ ಇಂಥ ದೂರು ವಿಚಾರಿಸಿ ಆದೇಶ ಕೊಡುವವರು, ಇದ್ದಾರೆ. ದೂರು ಬಂದ 30 ದಿನದಲ್ಲಿ, ವೈದ್ಯಕೀಯ ತುರ್ತು ಇದ್ದರೆ ಆದಷ್ಟು ಬೇಗ, ಸಾಧ್ಯವಾದರೆ 24 ಗಂಟೆಯಲ್ಲಿ ಅವರು ಆದೇಶ ಕೊಡಬೇಕು. ಆದೇಶ ಪಾಲಿಸದಿದ್ದರೆ 10,000 ರೂಪಾಯಿ ತನಕ ದಂಡ, ಮುಂದುವರಿದರೆ ದಿನಕ್ಕೆ 5,000 ರೂಪಾಯಿ ತನಕ. ಮೊದಲ ಮೊತ್ತ ದೊಡ್ಡ ಕಂಪನಿಗೆ ಚಾ ಖರ್ಚು. ದಿನದ ಲೆಕ್ಕ ಮಾತ್ರ ಚುರುಕು ಮುಟ್ಟಿಸಬಹುದು.

ಕೋರ್ಟಿಗೆ ಹೋಗುವುದಾದರೆ ನಿಜ ಹೆಸರು ಬಿಟ್ಟು ಬೇರೆ ಹೆಸರಿನಲ್ಲಿ ಕೇಸ್ ನಡೆಸಲು ಕೇಳಬಹುದು. ಬಹಳ ಜನರಿಗೆ ಇದು ಗೊತ್ತಿಲ್ಲ, ಪೇಪರಿನಲ್ಲಿ ಹೆಸರು ಬರುತ್ತದೆ ಅಂತ ಹೆದರಿ ಸುಮ್ಮನಾಗುತ್ತಾರೆ. ಮಾಹಿತಿಗೆ 1097 ಸಹಾಯವಾಣಿ, ಪುಕ್ಕಟೆ ಕಾನೂನು ನೆರವಿಗೆ 15100 ಇದೆ.

ಆದರೆ ಎಲ್ಲಿ ಹೋದರೂ ಮೊದಲು ಕೇಳುವುದು ಒಂದೇ. ನೀವು ಅಲ್ಲಿ ಕೆಲಸ ಮಾಡುತ್ತಿದ್ದಿರಿ ಅನ್ನುವುದಕ್ಕೆ ಏನು ದಾಖಲೆ? ಗಮನಿಸಬೇಕಾದ ತಿರುವು ಇಲ್ಲೇ ಇದೆ. ಭಯ ಹುಟ್ಟಿಸಿದ ಅದೇ ಹೊಸ ಸಂಹಿತೆಗಳು ಕೆಲಸಗಾರರಿಗೆ ನೇಮಕಾತಿ ಪತ್ರ ಕೊಡಲೇಬೇಕು ಅಂತಲೂ ಹೇಳುತ್ತವೆ. ಎಚ್‌ಐವಿ ಕಾಯ್ದೆಗೆ ಇಷ್ಟು ದಿನ ಇಲ್ಲದ ಕಾಲು ಅದರಿಂದ ಬರಬಹುದು. ತಪಾಸಣೆಯ ಬಗ್ಗೆ ಚಿಂತೆ ಮಾಡುವವರು ಆ ಪತ್ರವನ್ನು ಮೊದಲು ಕೇಳಿ ಇಟ್ಟುಕೊಳ್ಳುವುದು ಒಳ್ಳೆಯದು.

ಎರಡು ಸಣ್ಣ ಗೊಂದಲ

ಎಚ್‌ಐವಿ ಇದ್ದರೆ ಅಂಗವಿಕಲರ ಕೋಟಾ ಸಿಗುತ್ತದಾ ಅಂತ ಕೇಳುವವರಿದ್ದಾರೆ. ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧದಲ್ಲಿ ಎಚ್‌ಐವಿ ಸೇರಿಲ್ಲ.

ಗಲ್ಫ್ ಕೆಲಸದ ವಿಷಯ ಬೇರೆ. ಅಲ್ಲಿನ ವೀಸಾಕ್ಕೆ ಮಾಡುವ ಮೆಡಿಕಲ್‌ನಲ್ಲಿ ಎಚ್‌ಐವಿ ಪರೀಕ್ಷೆ ಇರುತ್ತದೆ, ಪಾಸಿಟಿವ್ ಬಂದರೆ ವೀಸಾ ಸಿಗುವುದಿಲ್ಲ. ನಮ್ಮ ಕಾಯ್ದೆ ಆ ದೇಶಗಳ ನಿಯಮ ಬದಲಿಸಲಾರದು. ಏಜೆಂಟರಿಗೆ ದುಡ್ಡು ಕಟ್ಟುವ ಮೊದಲೇ ಇದು ಗೊತ್ತಿರಬೇಕು. ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋಗುವವರಿಗೆ ಈ ತೊಂದರೆ ಇಲ್ಲ. ಅಲ್ಲಿನ ಎಆರ್‌ಟಿ ಕೇಂದ್ರಕ್ಕೆ ವರ್ಗಾವಣೆ ಬರೆಸಿಕೊಂಡು ಹೋಗಬಹುದು.

ಮುಂದೆ ಏನಾಗಬಹುದು

ಗೊಂದಲ ಹೀಗೇ ಉಳಿದರೆ ಮೊದಲು ಆಗುವುದು ತಪಾಸಣೆಯ ದಿನ ಸೂಟಿ ಹಾಕುವುದು. ಬಹಳ ವರ್ಷಗಳಿಂದ ಎಚ್‌ಐವಿ ಇರುವವರಿಗೆ ಹೃದಯದ ತೊಂದರೆ ಬರುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ಶುಗರ್, ಬಿಪಿ ಪರೀಕ್ಷೆ ಹೆಚ್ಚು ಬೇಕಾದವರೇ ಅದರಿಂದ ತಪ್ಪಿಸಿಕೊಂಡ ಹಾಗಾಗುತ್ತದೆ.

ಎರಡನೆಯದು ಇನ್ನೂ ದುಬಾರಿ. ಗುಟ್ಟು ಹೊರಬೀಳುವ ಮೊದಲೇ ಕೆಲಸ ಬಿಟ್ಟು ಗುತ್ತಿಗೆದಾರರ ಕೈಕೆಳಗೆ ಸೇರುವವರು ಇರುತ್ತಾರೆ. ಅಲ್ಲಿ ಬಹಳ ಸಲ ತಪಾಸಣೆ ಇಲ್ಲ, ಹಾಗೇ ಪಿಎಫ್ ಇಲ್ಲ, ಕಾರ್ಮಿಕರ ವಿಮೆಯಾದ ಇಎಸ್‌ಐ ಇಲ್ಲ, ಪತ್ರವೂ ಇಲ್ಲ. ಇಎಸ್‌ಐ ಇದ್ದವರಿಗೆ ಕಾಯಿಲೆ ಬಿದ್ದಾಗ ವರ್ಷಕ್ಕೆ 91 ದಿನದ ತನಕ ಪಗಾರದ ಶೇ. 70ರಷ್ಟು ಸಿಗುತ್ತದೆ. ಅದನ್ನು ಬಿಟ್ಟು ಹೋದವರು ಕಾಯಿಲೆ ಬಿದ್ದರೆ ಸಾಲ ಮಾಡುತ್ತಾರೆ, ಸಾಲ ತೀರಿಸಲು ಸೂಟಿ ಹಾಕದೆ ದುಡಿಯುತ್ತಾರೆ, ಗುಳಿಗೆ ತರುವ ದಿನ ತಪ್ಪುತ್ತದೆ. ಗುಳಿಗೆ ತಪ್ಪಿದರೆ ವೈರಸ್ ಏರುತ್ತದೆ, ಟಿಬಿಯಂಥ ಕಾಯಿಲೆ ಅಮರಿಕೊಳ್ಳುತ್ತದೆ. ಆಗ ಕೆಲಸ ಮಾಡುವ ಶಕ್ತಿಯೇ ಇಲ್ಲದಂತಾಗುತ್ತದೆ. ಕಾನೂನು ಬಿಟ್ಟಿರುವ ಕಿಂಡಿ ನಿಜಕ್ಕೂ ತೆರೆದುಕೊಳ್ಳುವುದು ಆವಾಗಲೇ.

ಇದು ತಪ್ಪಬೇಕಾದರೆ ನಿಯಮದಲ್ಲಿ ಎರಡು ಸಂಗತಿ ಸ್ಪಷ್ಟವಾಗಿರಬೇಕು: ವರ್ಷದ ತಪಾಸಣೆಯಲ್ಲಿ ಯಾವ ಯಾವ ಪರೀಕ್ಷೆ, ಮತ್ತು ಅದರ ರಿಪೋರ್ಟ್ ಯಾರ ಕೈಗೆ. ಪರೀಕ್ಷೆಗಳ ಪಟ್ಟಿಯ ಬಗ್ಗೆ ಹೇಗೂ ಚರ್ಚೆ ಆಗುತ್ತದೆ, ಖರ್ಚಿನ ಪ್ರಶ್ನೆ ಇರುವುದರಿಂದ ಮಾಲೀಕರ ಸಂಘಗಳೇ ಕೇಳುತ್ತವೆ. ರಿಪೋರ್ಟಿನ ವಿಷಯ ಕೇಳಬೇಕಾದವರು ಕಾರ್ಮಿಕ ಸಂಘಗಳು. ಎಚ್‌ಐವಿ ಅನ್ನುವ ಪದ ಎತ್ತದೆಯೂ ಅದನ್ನು ಕೇಳಬಹುದು. ಶುಗರ್ ಇದ್ದವರಿಗೂ, ಮನೋರೋಗದ ಚಿಕಿತ್ಸೆಯಲ್ಲಿ ಇರುವವರಿಗೂ ಬೇಕಾದ ಉತ್ತರ ಅದೇ.